ದೂರ ನಿಂತು ನೋಡುವ ಧರ್ಮ

ಲಡಾಖಿನಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ತ್ಸೊ ಮೊರಿರಿ ಸರೋವರದಲ್ಲಿ ಬೇಸಿಗೆಯ ದಿನಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳು ನೆಲದ ಮೇಲೆಯೇ ಗೂಡುಕಟ್ಟಿ ಮರಿಮಾಡುತ್ತವೆ. ಅವುಗಳನ್ನು ಕಾಣಲು ಹೋಗುವವರು ಬೇಟೆಗಾರರಲ್ಲ, ಪಕ್ಷಿಪ್ರಿಯರು. ಆದರೆ ಚಿತ್ರದ ಆಸೆಗೆ ನಾಲ್ಕು ಹೆಜ್ಜೆ ಮುಂದಿಟ್ಟರೆ ತಾಯಿಹಕ್ಕಿ ಬೆದರಿ ಏಳುತ್ತದೆ. ಹೆಚ್ಚು ಹೊತ್ತು ಕಾವು ತಪ್ಪಿದರೆ ಮೊಟ್ಟೆಯೊಳಗಿನ ಜೀವ ಆ ಚಳಿಗೆ ಉಳಿಯದು. ಹೆಜ್ಜೆಯಿಟ್ಟವನಿಗೆ ಅದು ತಿಳಿಯುವುದೂ ಇಲ್ಲ.

ತಿಳಿಯದೆ ಆದದ್ದು ಹಿಂಸೆಯೇ? ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಂದರೆ ರಾಗಕ್ಕೆ ವಶವಾದ ಎಚ್ಚರಗೇಡಿತನದಲ್ಲಿ ಗುರುತಿಸುತ್ತದೆ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿಯು ಎಚ್ಚರದ ಅಭ್ಯಾಸವೇ ಆಗಿದೆ. ಶ್ರಾವಕನಿಗೆ ಅಷ್ಟು ಸಾಧ್ಯವಾಗದಿದ್ದರೂ ನಿಲ್ಲಬೇಕಾದಲ್ಲಿ ನಿಲ್ಲುವುದು ಸಾಧ್ಯ. ಕಂಡದ್ದನ್ನೆಲ್ಲ ತನ್ನದಾಗಿಸಿಕೊಳ್ಳುವ ಹಂಬಲವೂ ಪರಿಗ್ರಹವೇ. ಅರಿಯುವುದು, ಕಾಣುವುದು ಆತ್ಮನ ಸ್ವಭಾವ. ಹಿಡಿದಿಟ್ಟುಕೊಳ್ಳುವುದು ಮೋಹದ ಕೆಲಸ.

ಇದೇ ಜಾತಿಯ ಹೆಬ್ಬಾತುಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ದಡದಲ್ಲಿಯೇ ನಿಂತು, ದುರ್ಬೀನಿನಿಂದ ನೋಡಿ, ತಾನು ಬಂದದ್ದು ಹಕ್ಕಿಗೆ ತಿಳಿಯದಂತೆ ಹಿಂದಿರುಗುವ ಶ್ರಾವಕನು ಆ ದಿನ ಅಹಿಂಸಾಣುವ್ರತವನ್ನು ಪಾಲಿಸಿದವನೇ ಸರಿ.