ಮದುವೆಯಾದ ಮೇಲೆ ಆಟ ಎಲ್ಲಿಂದ?



ಕೊರಟಗೆರೆ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಹತ್ತನೇ ಕ್ಲಾಸು. ಷಟಲ್ ಅಂದರೆ ಪ್ರಾಣ. ತುಮಕೂರಿಗೆ ತರಬೇತಿಗೆ ಕಳಿಸು ಅಂತಾಳೆ. ನಮ್ಮತ್ತೆ, 'ಇನ್ನು ನಾಲ್ಕೈದು ವರ್ಷಕ್ಕೆ ಮದುವೆ, ಆಮೇಲೆ ಬ್ಯಾಟು ಅಟ್ಟಕ್ಕೆ. ದುಡ್ಡು ಯಾಕೆ ಸುರೀತೀಯ?' ಅಂತಾರೆ. ಏನು ಮಾಡಲಿ?"

ಬೇರೊಂದು ಆಟದ ಹೆಣ್ಣುಮಕ್ಕಳ ವಿಷಯ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ. ಆಟದ ಹೆಸರು ಸ್ಕ್ವಾಷ್. ಬೇಸಿಗೆಗೆ ನಾವು ಬಾಟಲಿಯಲ್ಲಿ ತುಂಬಿಡುವ ನಿಂಬೆಹಣ್ಣಿನ ಸ್ಕ್ವಾಷ್ ಅಲ್ಲ ಮತ್ತೆ! ನಾಲ್ಕು ಗೋಡೆಗಳ ನಡುವೆ, 32 ಅಡಿ ಉದ್ದ 21 ಅಡಿ ಅಗಲದ ಕೋಣೆಯಲ್ಲಿ ಇಬ್ಬರೂ ಒಂದೇ ಕಡೆ ನಿಂತು, ಪುಟ್ಟ ರಬ್ಬರ್ ಚೆಂಡನ್ನು ಎದುರುಗೋಡೆಗೆ ಹೊಡೆಯುವ ಆಟ. ತಣ್ಣಗಿದ್ದರೆ ಆ ಚೆಂಡು ಪುಟಿಯುವುದೇ ಇಲ್ಲ. ದೋಸೆ ಹೊಯ್ಯುವ ಮುಂಚೆ ಕಾವಲಿ ಕಾಯಿಸುವಂತೆ, ಹೊಡೆದು ಹೊಡೆದು ಬಿಸಿ ಮಾಡಿಯೇ ಆಟ ಶುರು. ಮಧುಗಿರಿ, ಶಿರಾ, ಪಾವಗಡದಲ್ಲಿ ಇಂಥ ಅಂಗಳವನ್ನು ನಾನಂತೂ ಕಂಡಿಲ್ಲ.

ಜೋಷ್ನಾ ಚಿಣ್ಣಪ್ಪ ಕೊಡಗಿನ ಮನೆತನದವರು. ಹುಟ್ಟಿ ಬೆಳೆದದ್ದು ಮದರಾಸಿನಲ್ಲಿ. ತಂದೆಯೂ ಸ್ಕ್ವಾಷ್ ಆಟಗಾರರೇ, ಹಾಗಾಗಿ ಮನೆಯ ಬೆಂಬಲಕ್ಕೆ ಕೊರತೆಯಿರಲಿಲ್ಲ. ಅದು ಎಲ್ಲರಿಗೂ ಸಿಗುವ ಭಾಗ್ಯವಲ್ಲ, ಒಪ್ಪುತ್ತೇನೆ. 2000ರಲ್ಲಿ, 14ನೇ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ. ಸ್ಕ್ವಾಷ್‌ನಲ್ಲಿ ಭಾರತಕ್ಕೆ ಅಲ್ಲಿ ಅದೇ ಮೊದಲ ಚಿನ್ನ. 2017ರಲ್ಲಿ ಏಷ್ಯಾ ಚಾಂಪಿಯನ್, 2024ರಲ್ಲಿ ಪದ್ಮಶ್ರೀ. 2025ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲೂ ಇವರಿದ್ದರು. ಆಗ ವಯಸ್ಸು 39! ಮೊದಲ ಪ್ರಶಸ್ತಿಯಿಂದ ಲೆಕ್ಕ ಹಾಕಿ, 25 ವರ್ಷ.

"ಸರಿ, ಸಂಸಾರ?" ಅಂತೀರಿ. ಹಾಗಾದರೆ ಜೋಡಿಯ ದೀಪಿಕಾರನ್ನು ನೋಡಿ. 2015ರಲ್ಲಿ ಮದುವೆ. 2021ರ ಅಕ್ಟೋಬರಿನಲ್ಲಿ ಅವಳಿ ಗಂಡುಮಕ್ಕಳು. 2022ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದಲ್ಲಿ ವಿಶ್ವ ಡಬಲ್ಸ್: ಜೋಷ್ನಾ ಜೊತೆ ಒಂದು ಚಿನ್ನ, ಸೌರವ್ ಘೋಷಾಲ್ ಜೊತೆ ಇನ್ನೊಂದು. ಮಕ್ಕಳಿಗಿನ್ನೂ ಆರು ತಿಂಗಳು. ಬಾಣಂತನ ಮಾಡಿದ ನಮಗೆ ಗೊತ್ತು, ಅದೇನು ಸಣ್ಣ ಮಾತೇ? ಎತ್ತಿಕೊಳ್ಳುವ ಕೈ ನಾಲ್ಕು ಮನೆಯಲ್ಲಿ ಇರಲೇಬೇಕು.

ಈಕೆಯದು ಇನ್ನೊಂದು ಗಟ್ಟಿತನ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹೆಂಗಸರಿಗೆ ಬಹುಮಾನದ ಹಣ ಗಂಡಸರಿಗಿಂತ ಕಡಿಮೆ ಎಂದು 2012ರಿಂದ ಕೆಲವು ವರ್ಷ ಅದರಲ್ಲಿ ಆಡಲೇ ಇಲ್ಲ. 2016ರಲ್ಲಿ ಸಮ ಮಾಡಿದರು, ಬಂದರು, ಗೆದ್ದರು. ಕೂಲಿಯಲ್ಲಿ ಹೆಣ್ಣಾಳು ಗಂಡಾಳು ಭೇದ ಕಂಡ ನಮ್ಮ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪತ್ರ ಬರೆದ ತಾಯೀ, ನಿಮ್ಮ ಮಗಳು ಜೋಷ್ನಾ ಆಗುತ್ತಾಳೆಂದು ನಾನು ಹೇಳುವುದಿಲ್ಲ. ಆದರೆ ಮದುವೆಗೇ ಆಟ ಮುಗಿಯಿತೆಂಬ ಲೆಕ್ಕದಲ್ಲಿ ಬೇಡ ಅನ್ನಬೇಡಿ. ಮೊದಲು ಒಂದು ದಿನ ನೀವೇ ಜೊತೆಗೆ ಹೋಗಿ ಬನ್ನಿ. ತಿಂಗಳಿಗೆ ಎಷ್ಟು, ಹೆಣ್ಣುಮಕ್ಕಳು ಎಷ್ಟಿದ್ದಾರೆ, ಬಟ್ಟೆ ಬದಲಿಸಲು ಕೋಣೆ ಇದೆಯೇ, ಮಂಡಿ ಉಳುಕಿದರೆ ನೋಡುವವರು ಯಾರು, ಸಂಜೆ ವಾಪಸು ಬಸ್ಸು ಎಷ್ಟು ಗಂಟೆಗೆ, ಎಲ್ಲ ಕೇಳಿಕೊಳ್ಳಿ. ಪರೀಕ್ಷೆ ಮುಗಿಯುವವರೆಗೆ ಶನಿವಾರ, ಭಾನುವಾರ ಸಾಕು. ಹೊರಡುವಾಗ ಡಬ್ಬಿಯಲ್ಲಿ ಒಂದೆರಡು ಕಡಲೆಕಾಯಿ ಉಂಡೆ ಹಾಕಿ ಕಳಿಸಿ. ಬಂದ ಮೇಲೆ ಮುದ್ದೆ, ಹುರುಳಿಕಾಳಿನ ಸಾರು ಬಿಸಿಯಾಗಿರಲಿ.