ಮನೆಯಿಂದ ಮನೆಗೆ ಅಳೆಯಿರಿ

ಮಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎನ್ನುವವರ ಮುಂದೆ ನನ್ನ ಲೆಕ್ಕ ಇಡುತ್ತೇನೆ. ನಾನಿರುವುದು ಬೆಂಗಳೂರಿನ ಬನಶಂಕರಿಯಲ್ಲಿ, ಅಮ್ಮ ಇರುವುದು ಮಂಗಳೂರಿನ ಪಕ್ಕದ ಬಿ.ಸಿ. ರೋಡಿನ ಹತ್ತಿರ. ಬೆಳಿಗ್ಗೆ 8ರ ವಿಮಾನಕ್ಕೆ ನಾಲ್ಕೂವರೆಗೇ ಮನೆ ಬಿಡುತ್ತೇನೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 40 ಕಿ.ಮೀ. ಮೇಲಾಗುತ್ತದೆ, ದಾರಿಯಲ್ಲಿ ಹೆಬ್ಬಾಳದ ಟ್ರಾಫಿಕ್ಕನ್ನು ನಂಬುವಂತಿಲ್ಲ, ನಮ್ಮ ಮೆಟ್ರೊ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಲ್ಲಿ ಇಳಿದು, ಬ್ಯಾಗಿಗೆ ಕಾದು, ಟ್ಯಾಕ್ಸಿ ಹಿಡಿದು ಅಮ್ಮನ ಅಂಗಳಕ್ಕೆ ಕಾಲಿಡುವಾಗ ಹತ್ತೂವರೆ. ಆರು ಗಂಟೆಯಾಯಿತು. ಇದರಲ್ಲಿ ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆಯೂ ಇಲ್ಲ. ಟಿಕೆಟ್ಟಿನಲ್ಲಿರುವ ಒಂದು ಗಂಟೆಯಲ್ಲಿ ವಿಮಾನ ನೆಲದ ಮೇಲೆ ಓಡಾಡುವ ಹೊತ್ತೂ ಸೇರಿರುತ್ತದೆ.

ರಾತ್ರಿ ಬಸ್ಸಿಗೆ ಎಂಟು ಗಂಟೆ ಬೇಕು. ಆದರೆ ಅದು ಬಿ.ಸಿ. ರೋಡಿನಲ್ಲೇ ಇಳಿಸುತ್ತದೆ.

ಒಂದು ಜುಲೈಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸಿಕ್ಕಿದ ದರಕ್ಕೆ ಟಿಕೆಟ್ ತೆಗೆದು ಹೊರಟೆ. ಬಜಪೆಯ ಗುಡ್ಡದ ಮೇಲೆ ಮೋಡ ಕೂತಿತ್ತು. ವಿಮಾನ ಅರ್ಧ ಗಂಟೆ ಸುತ್ತು ಹೊಡೆದು ಬೆಂಗಳೂರಿಗೇ ವಾಪಸಾಯಿತು. ಪೈಲಟ್ ಮಾಡಿದ್ದು ಸರಿ, ಗುಡ್ಡದ ನೆತ್ತಿಯ ಅಂಥ ರನ್‌ವೇಯಲ್ಲಿ ಯಾರೂ ದುಡುಕಬಾರದು. ಆದರೆ ಆಸ್ಪತ್ರೆಯ ಮಂಚದಿಂದ ಅಮ್ಮ ಫೋನಿನಲ್ಲಿ, "ಎಲ್ಲಿಗೆ ಮುಟ್ಟಿದೆ ಮಗಾ?" ಎಂದು ಕೇಳಿದಾಗ, ದೇವನಹಳ್ಳಿಯಲ್ಲಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ಆ ರಾತ್ರಿ ಬಸ್ಸಿನಲ್ಲೇ ಹೋದೆ. ಅಷ್ಟರವರೆಗೆ ಅಮ್ಮನ ಕೈ ಹಿಡಿದು ಕೂತದ್ದು ಪಕ್ಕದ ಮನೆಯವರು.

ಬೆಂಗಳೂರು, ಮಂಗಳೂರುಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ., ರಸ್ತೆಯಲ್ಲಿ 350. ಇಷ್ಟು ಹತ್ತಿರದ ಊರಿಗೆ ಬೇಕಾದದ್ದು ಒಳ್ಳೆಯ ರೈಲು. ಹಳಿಯೇನೋ ಇದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, 50 ಮೀಟರಿಗೆ ಒಂದು ಮೀಟರ್ ಏರು. ರೈಲು ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ತೆವಳುತ್ತದೆ. ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿಗೆ ಕಾಯುವುದೂ ಇದೆ. 2024ರ ಜುಲೈಯಲ್ಲಿ ಎಡಕುಮೇರಿಯ ಹತ್ತಿರ ಹಳಿಯ ಕೆಳಗಿನ ಮಣ್ಣೇ ಕುಸಿದು ಹಲವು ದಿನ ರೈಲು ನಿಂತಿತು. ಬಸ್ಸು ಹೋಗುವ ಶಿರಾಡಿ ಘಾಟಿಯ ರಸ್ತೆಯೂ ಮಳೆಗಾಲದಲ್ಲಿ ಇದೇ ಪಾಡು ಪಡುತ್ತದೆ.

ಘಾಟಿಯ ಮಣ್ಣನ್ನು ಭದ್ರಪಡಿಸಿ, ಕಾಡಿಗೆ ಪೆಟ್ಟಾಗದಂತೆ ಸುರಂಗದಲ್ಲಿ ಎರಡನೇ ಹಳಿ ಹಾಕುವುದು ದುಬಾರಿ, ನಿಧಾನದ ಕೆಲಸ. ಆದರೂ ಆಗಬೇಕಾದದ್ದು ಅದೇ. ಇನ್ನೊಂದು ವಿಮಾನ ಬಂದರೆ ನನ್ನ ಆರು ಗಂಟೆಯಲ್ಲಿ ಹತ್ತು ನಿಮಿಷವೂ ಉಳಿಯುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರು ಹೊಸ ವಿಮಾನದ ಸುದ್ದಿ ಎತ್ತಿದರೆ, ಘಾಟಿಯ ಎರಡನೇ ಹಳಿ ಯಾವಾಗ ಎಂದು ದಯವಿಟ್ಟು ಕೇಳಿ.