‘ಆರ್‌ಟಿಸಿ’: ಒಂದು ಸಂಕ್ಷೇಪದ ನಿಘಂಟು ಅರ್ಹತೆ

ಮಧುಗಿರಿ ಸೀಮೆಯ ಬಲಸಮುದ್ರದಂತಹ ಊರುಗಳ ರೈತನಿಗೆ ‘ಆರ್‌ಟಿಸಿ’ ಎಂದರೆ ಜಮೀನಿನ ಪಹಣಿ. ಪಾವಗಡದಾಚೆಯ ತೆಲುಗರಿಗೆ ಅದೇ ಮೂರಕ್ಷರ ಸರ್ಕಾರಿ ಬಸ್ಸು. ಪಾವಗಡವನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಅಲ್ಲಿನ ದ್ವಿಭಾಷಿಕರ ಮಾತಿನಲ್ಲಿ ಅರ್ಥವನ್ನು ನಿರ್ಣಯಿಸುವುದು ಸಂದರ್ಭವೇ.

ಪಹಣಿಯ ಅರ್ಥದಲ್ಲಿ ಇದು ಹಕ್ಕು, ಗೇಣಿ, ಬೆಳೆಗಳ ದಾಖಲೆಗಿರುವ ಇಂಗ್ಲಿಷ್ ಹೆಸರಿನ ಸಂಕ್ಷೇಪ. ನಡುವಣ ‘ಟಿ’ ಗೇಣಿಯದು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಕಾನೂನಿನ ಮಟ್ಟಿಗಾದರೂ ಬಹುತೇಕ ಅಳಿಯಿತು. ಅಕ್ಷರ ಮಾತ್ರ ಉಳಿಯಿತು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಗಣಕಕ್ಕೇರಿಸಿದಾಗಲೂ ಅದು ಹೋಗಲಿಲ್ಲ.

‘ಪಹಣಿ’ ಇರುವಾಗ ಈ ಪರಕೀಯ ಸಂಕ್ಷೇಪವೇಕೆ ಎಂಬ ಆಕ್ಷೇಪವುಂಟು. ಆದರೆ ಪಹಣಿಯೂ ‘ನೋಡು’ ಎಂಬರ್ಥದ ಮರಾಠಿ ಧಾತುವಿನಿಂದ ಬಂದುದೇ. ‘ಆರ್‌ಟಿಸಿ ತೆಗೆಸು’, ‘ಆರ್‌ಟಿಸಿಯಲ್ಲಿ ಹೆಸರು ಬರು’ ಎಂಬ ಪ್ರಯೋಗಗಳಲ್ಲಿ ಅದು ಕನ್ನಡದ ವಿಭಕ್ತಿಗಳನ್ನೂ ಕ್ರಿಯಾಪದಗಳನ್ನೂ ಧರಿಸಿಯಾಗಿದೆ. ಇಂಗ್ಲಿಷಿನ ಗಂಧವಿಲ್ಲದವರೂ 9ನೆಯ ಕಲಮು ಮಾಲೀಕನದು, 11ನೆಯದು ಋಣದ್ದು ಎಂದು ಬಲ್ಲರು. ತಂದೆಯ ಮರಣಾನಂತರ 9ನೆಯ ಕಲಮಿನಲ್ಲಿ ತನ್ನ ಹೆಸರನ್ನು ಹುಡುಕುವ ಮಗಳಿಗೆ ಇದು ಪರಭಾಷೆಯ ಪದವೆಂದು ಹೇಳುವುದು ವ್ಯಾಕರಣದ ದೃಷ್ಟಿಯಿಂದಲೂ ತಪ್ಪು, ವಿವೇಕದ ದೃಷ್ಟಿಯಿಂದಲೂ ತಪ್ಪು.

ಶಾಸನ, ಕಾವ್ಯಗಳನ್ನು ಜಾಲಿಸಿ ಎಂಟು ಸಂಪುಟಗಳ ನಿಘಂಟನ್ನು ಕಟ್ಟಿದವರು ನಾವು. ಕಂದಾಯ ಕಚೇರಿಯ ಕಿಟಕಿಯೆದುರಿನ ಮಾತೂ ನಿಘಂಟಿಗೆ ಆಕರವಾಗಬೇಕು. ‘ಆರ್‌ಟಿಸಿ’ ಅನುಬಂಧದ ಸಂಕ್ಷೇಪ ಪಟ್ಟಿಯಲ್ಲಲ್ಲ, ‘ಆ’ಕಾರದ ಮುಖ್ಯ ಉಲ್ಲೇಖಗಳ ನಡುವೆಯೇ, ಪ್ರಯೋಗಸಹಿತ ಬರತಕ್ಕದ್ದು. ಪಾವಗಡದ ಬಸ್ಸಿಗೂ ಅಲ್ಲಿ ಒಂದು ಸಾಲು ಸಲ್ಲಬೇಕು.